ಕಂಬಳಿ ಕೆಳಗಿಡಿ

ಮೈಲಾರಲಿಂಗನ ಭಕ್ತ ಗೊರವಯ್ಯನನ್ನು ನಿಮ್ಮ ಆಟದ ಪಾತ್ರ ಮಾಡಿದ್ದೀರಿ. ಯಾರನ್ನ ಕೇಳಿ ಮಾಡಿದ್ರಿ?

ಬೆಂಗಳೂರಿನ ಒಂದು ಮನೆ. ಮೇಜಿನ ಸುತ್ತ ಓದಿದ ಹುಡುಗರು, ನಡುವೆ ಇಪ್ಪತ್ತು ಮುಖದ ದಾಳ. 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟಕ್ಕೆ ಕನ್ನಡದ ಪಾತ್ರ ಹೊಂದಿಸಿದ್ದೇವೆಂದು ಒಂದು ಹಾಳೆ ಕೈಗಿತ್ತರು. ಕಂಬಳಿ ನಿಲುವಂಗಿ, ಡಮರುಗ, ಭಂಡಾರದ ಚೀಲ ಎಲ್ಲಾ ಇತ್ತು. ಕೆಳಗೆ ಬರೆದಿತ್ತು: ಭವಿಷ್ಯ ನುಡಿಯುವ ಶಕ್ತಿ ಹೆಚ್ಚು, ಬುದ್ಧಿ ಎರಡಂಕ ಕಡಿಮೆ, ಸಿಟ್ಟು ಬಂದರೆ ನಾಯಿಯಾಗುತ್ತಾನೆ.

ನಮ್ಮೂರು ಹಂಸಭಾವಿಯಲ್ಲಿ ನಾನು ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಿಂದ ಕೇಳಿದ ಮಾತಿದು. "ಗೊರಪ್ಪನ ಮಗ ಬಂದ ನೋಡ್ರಲೇ, ಬೊಗಳಲೇ ಒಂದ್ಸಲ!" ಬೊಗಳದಿದ್ದರೆ ಕಲ್ಲು ಬೀಳುತ್ತಿತ್ತು.

ದೇವರಗುಡ್ಡದ ಜಾತ್ರೆಯಲ್ಲಿ ದೋಣಿ ತುಂಬಿಸುವುದನ್ನು ನೋಡಿದ್ದೀರೇನು? ದೋಣಿಯೆಂಬ ಪಾತ್ರೆಗೆ ಹಾಲು, ಬಾಳೆಹಣ್ಣು ಹಾಕಿ ಕಲಸುತ್ತಾರೆ. ನಮ್ಮಪ್ಪ ಮೊಣಕಾಲೂರಿ, ಬೊಗಳುತ್ತಾ, ಕೈ ಹಚ್ಚದೆ ಬಾಯಿ ಹಾಕಿ ತಿನ್ನುತ್ತಿದ್ದ. ಗಡ್ಡದ ತುಂಬ ಹಾಲು, ಹಾಲಿಗೆ ನೊಣ. ಮೈಲಾರಲಿಂಗನ ನಾಯಿ ನಾನು ಎಂಬುದು ಅವನ ಭಕ್ತಿ. ಮಹಾನವಮಿಯಲ್ಲಿ ಅವನ ಕಾಲಿಗೆ ಬಿದ್ದವರೇ, ಮುಂದಿನ ವಾರ ಜೋಳ ಬೇಡಲು ಹೋದರೆ "ಮುಂದಕ್ಕ ಹೋಗೋ" ಅಂತ ಕದ ಹಾಕಿದರು.

ನಿಮ್ಮ ಹಾಳೆಯಲ್ಲಿ ನಾಯಿ ಇದೆ. ಆ ಕದ ಇಲ್ಲ.

ಈ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 1977ರ ಅವರ ಪುಸ್ತಕದಲ್ಲಿ ನಮ್ಮ ರಾಕ್ಷಸ ಕೊಲ್ಲಬೇಕಾದ ಮೃಗವಾದ. ಹುಟ್ಟಿನಿಂದಲೇ ಕೆಟ್ಟ ಕುಲಗಳೂ ಆ ಆಟದಲ್ಲಿದ್ದವು. ನಮ್ಮ ನೆಲದಲ್ಲಿ ಇದು ಆಟವಾಗಿರಲಿಲ್ಲ. ಬ್ರಿಟಿಷರ 1871ರ ಕಾನೂನು ಕುಲಕ್ಕೆ ಕುಲವನ್ನೇ ಕಳ್ಳರೆಂದು ಬರೆಯಿತು. ಮುಂದೆ ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟ್‌ಗಳಲ್ಲಿ ಅಂಥವರನ್ನು ಹೆಂಡಿರು ಮಕ್ಕಳ ಸಮೇತ ಕೂಡಿಹಾಕಿದರು. ಕಾನೂನು 1952ರಲ್ಲಿ ಹೋಯಿತು. ಹಣೆಪಟ್ಟಿ ಹೋಗಲಿಲ್ಲ.

ಬೈಸಿಕೊಂಡ ಮೇಲೆ ಅಮೆರಿಕದವರೂ ತಿದ್ದಿಕೊಂಡರು. 2024ರ ನಿಯಮಪುಸ್ತಕದಲ್ಲಿ ಬುದ್ಧಿ, ಬಲದ ಹೆಚ್ಚುವರಿ ಅಂಕ ಕುಲಕ್ಕಿಲ್ಲ, ಬೆಳೆದು ಬಂದ ಬದುಕಿಗಿದೆ. ಅವರು ಕಿತ್ತೆಸೆದ ಕೊಳಕನ್ನು ಕನ್ನಡದ ಮಕ್ಕಳಾದ ನೀವು ಹೆಕ್ಕಿ ತಂದು ಗೊರವಯ್ಯನ ಹಣೆಗೆ ಅಂಟಿಸಿದ್ದೀರಿ. ಜಾತಿ ನಿಮ್ಮ ಕೈಬೆರಳಲ್ಲಿದೆ. ದಾಳ ಉರುಳಿಸಿದರೂ ಅದೇ ಬೀಳುತ್ತದೆ.

ಬುದ್ಧಿ ಕಡಿಮೆಯಂತೆ! ಉಪವಾಸವಿದ್ದು, ಬಿಲ್ಲೇರಿ, "ಸದ್ದಲೇ" ಎಂದು ಇಡೀ ಜಾತ್ರೆಯ ಬಾಯಿ ಮುಚ್ಚಿಸುವವನು ಅವನು. ಅವನು ನುಡಿಯುವ ಒಂದು ಸಾಲಿನ ಭವಿಷ್ಯ, ಆ ಕಾರಣಿಕದಲ್ಲಿ ರೈತ ಮಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ಒಂದು ಸಾಲಿಗೆ ಅಷ್ಟು ಅರ್ಥ ತುಂಬಬಲ್ಲ ಕವಿ ನಿಮ್ಮಲ್ಲಿ ಯಾರಿದ್ದಾರೆ?

ಪಾತ್ರ ಮಾಡಬೇಡಿ ಅನ್ನುವುದಿಲ್ಲ. ಗುಡ್ಡಕ್ಕೆ ಬನ್ನಿ, ಅವನ ಪಕ್ಕ ಕೂತು ಬರೆಯಿರಿ. ಶಕ್ತಿ ಯಾವುದು, ನೋವು ಯಾವುದು ಅವನೇ ಹೇಳಲಿ. ಪುಸ್ತಕದ ಮೇಲೆ ಅವನ ಹೆಸರಿರಲಿ, ಮಾರಿದ ದುಡ್ಡಲ್ಲಿ ಪಾಲಿರಲಿ. ಆಗೂದಿಲ್ಲೇನು?

ಹಂಗಾದ್ರ ಕಂಬಳಿ ಕೆಳಗಿಡ್ರಿ.