ಗಟ್ಟಿಯಾದುದೆಲ್ಲ ಇಂಪಲ್ಲ

ಹಾಡನ್ನು ಮುದ್ರಿಸಲು ಈಗ ದೊಡ್ಡ ಧ್ವನಿಮುದ್ರಣಾಲಯವೇ ಬೇಕೆಂದಿಲ್ಲ. ಒಂದು ಕಂಪ್ಯೂಟರ್, ಒಂದು ಮೈಕು, ಒಂದು ಹೆಡ್‌ಫೋನು ಇದ್ದರೆ ಬೆಂಗಳೂರಿನ ಜೀವನ್ ಬಿಮಾ ನಗರದ ಮನೆಯ ಕೋಣೆಯಲ್ಲಿಯೂ ಆ ಕೆಲಸ ಸಾಧ್ಯ. ವಿದ್ಯಾರ್ಥಿಗಳು ಈ ಕಲೆಗೆ ಕೈಹಾಕಿರುವುದು ಸಂತೋಷದ ಸಂಗತಿ. ಆದರೆ ಹಾಡು ಗಟ್ಟಿಯಾಗಿ ಕೇಳಲೆಂದು ಮಾಸ್ಟರ್ ಬಸ್ಸಿನ ಮೇಲೆ ಕಂಪ್ರೆಸರ್, ಲಿಮಿಟರ್‌ಗಳನ್ನು ಹೇರುವ ಅಭ್ಯಾಸ ಹಿತಕರವಲ್ಲವೆಂಬುದು ನನ್ನ ಅಭಿಪ್ರಾಯ.

ಮಾಸ್ಟರ್ ಬಸ್ ಎಂದರೇನು? ಗಾಯನ, ಪಿಟೀಲು, ಮೃದಂಗ, ತಂಬೂರಿಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸುತ್ತೇವೆ. ಇವೆಲ್ಲ ಕೊನೆಗೆ ಒಂದುಗೂಡಿ ಹರಿಯುವ ಮಾರ್ಗವೇ ಮಾಸ್ಟರ್ ಬಸ್. ತಿರುಮಕೂಡಲಿನಲ್ಲಿ ಕಾವೇರಿಯೂ ಕಪಿಲೆಯೂ ಕೂಡಿದ ಮೇಲೆ ಕಪಿಲೆಯ ನೀರನ್ನಷ್ಟೇ ಸೋಸಲಾದೀತೆ? ಇಲ್ಲಿಯೂ ಹಾಗೆಯೇ. ಸಂಗಮದಲ್ಲಿ ಮಾಡಿದ ಸಂಸ್ಕಾರ ಎಲ್ಲ ವಾದ್ಯಗಳಿಗೂ ತಗಲುತ್ತದೆ.

ಗೊತ್ತುಪಡಿಸಿದ ಮಿತಿಯನ್ನು ಮೀರಿದ ಧ್ವನಿಯನ್ನು ತಗ್ಗಿಸುವುದು ಕಂಪ್ರೆಸರಿನ ಕೆಲಸ. ಅದನ್ನು 4ಕ್ಕೆ 1ರ ಪ್ರಮಾಣದಲ್ಲಿ ಇಟ್ಟಿದ್ದೇವೆನ್ನಿ. ಮೃದಂಗದ ಪೆಟ್ಟಿನಿಂದ ಒಟ್ಟು ಧ್ವನಿ ಮಿತಿಯನ್ನು 8 ಡೆಸಿಬಲ್ ಮೀರಿದರೆ, ಮಿತಿಯ ಮೇಲೆ 2 ಡೆಸಿಬಲ್ ಮಾತ್ರ ಉಳಿಯುತ್ತದೆ. 6 ಡೆಸಿಬಲ್ ಕಡಿತವಾಗುತ್ತದೆ. ಎಂದರೆ ತರಂಗದ ಪಾರ ಸುಮಾರು ಅರ್ಧವಾಗುತ್ತದೆ. ಮೃದಂಗ ಯಾವುದು, ತಂಬೂರಿ ಯಾವುದು ಎಂಬ ವಿವೇಕ ಯಂತ್ರಕ್ಕಿಲ್ಲ. ಪೆಟ್ಟು ಬಿದ್ದಾಗಲೆಲ್ಲ ಶ್ರುತಿಯೂ ಕಂಠವೂ ಕುಗ್ಗಿ ಮತ್ತೆ ಮೇಲೇಳುತ್ತವೆ. ಅಲುಗದೆ ನಿಲ್ಲಬೇಕಾದ ಶ್ರುತಿಯೇ ಏದುಸಿರು ಬಿಡುವಂತಾಗುತ್ತದೆ!

ಕಡಿತವಾದುದನ್ನು ತುಂಬಲು ಒಟ್ಟು ಧ್ವನಿಯನ್ನು 6 ಡೆಸಿಬಲ್ ಏರಿಸಿದೆವೆನ್ನಿ. ಆಗ ಹಾಡಿನ ನಡುವಣ ಮೌನದಲ್ಲಿ ಅಡಗಿದ್ದ ಫ್ಯಾನಿನ ಸದ್ದಿನ ಪಾರವೂ ಇಮ್ಮಡಿಯಾಗುತ್ತದೆ. ಹತ್ತಿರದ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ನಿಯತ ವಿಮಾನ ಸಂಚಾರ 2008ರ ಮೇ ತಿಂಗಳಲ್ಲಿ ನಿಂತಿತಾದರೂ ಇತರ ಹಾರಾಟಗಳು ಇದ್ದೇ ಇವೆ. ಆ ಮೊರೆತವೂ ಬೀದಿಯ ಆಟೋ ಸದ್ದೂ ಹಾಡಿನೊಳಕ್ಕೆ ನುಗ್ಗುತ್ತವೆ.

ಇಷ್ಟೆಲ್ಲ ಕಳೆದುಕೊಂಡು ಗಳಿಸಿದ ಗಟ್ಟಿತನವಾದರೂ ಉಳಿಯುವುದೆ? ಕಿವಿಗೆ ಕೇಳುವ ಗಟ್ಟಿತನವನ್ನು ಅಳೆಯುವ ಅಂತರರಾಷ್ಟ್ರೀಯ ಕ್ರಮವೊಂದು 2006ರಲ್ಲಿ ಪ್ರಕಟವಾಯಿತು. ಅದರ ಮಾನಕ್ಕೆ ಎಲ್‌ಯುಎಫ್‌ಎಸ್ ಎಂದು ಹೆಸರು. ಸ್ಪಾಟಿಫೈ ಸೇವೆಯು ಸಾಮಾನ್ಯ ಏರ್ಪಾಡಿನಲ್ಲಿ ಹಾಡುಗಳನ್ನು -14ರ ಮಟ್ಟಕ್ಕೆ ಹೊಂದಿಸುತ್ತದೆ. ನಾವು ಹಿಂಡಿ ಹಿಂಡಿ -8ಕ್ಕೆ ಏರಿಸಿದ ಹಾಡನ್ನು ಅದು 6 ಡೆಸಿಬಲ್ ತಗ್ಗಿಸಿಯೇ ನುಡಿಸುತ್ತದೆ. ಗಳಿಸಿದ ಗಟ್ಟಿತನ ಹೋಯಿತು. ಕಳೆದುಕೊಂಡ ಏರಿಳಿತ ಮರಳಿ ಬಾರದು.

ಮಾಸ್ಟರ್ ಬಸ್ಸನ್ನು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಡ್ರಮ್ಮು, ಗಿಟಾರುಗಳ ಮೇಳಕ್ಕೆ 1–2 ಡೆಸಿಬಲ್ಲಿನ ಮೃದುವಾದ ಕಡಿತ ಒಂದು ಬಂಧವನ್ನು ಕೊಡಬಲ್ಲದು. ಶಿಖರಗಳು ಒಡೆಯದಂತೆ ಕೊನೆಯಲ್ಲಿ ಲಿಮಿಟರನ್ನಿಟ್ಟು 1 ಡೆಸಿಬಲ್ ತೆರವು ಬಿಡುವುದೂ ವಿವೇಕವೇ. ಆದರೆ ಮೃದಂಗ ಹೆಚ್ಚಾಗಿದ್ದರೆ ಮೃದಂಗದ ಟ್ರ್ಯಾಕನ್ನೇ ತಿದ್ದಬೇಕು. ಸದ್ದು ಹೆಚ್ಚಾಗಿದ್ದರೆ ಫ್ಯಾನನ್ನು ನಿಲ್ಲಿಸಿ, ಕಿಟಕಿಯನ್ನು ಮುಚ್ಚಿ, ಮೈಕನ್ನು ಹತ್ತಿರಕ್ಕೆ ತಂದು ಮತ್ತೊಮ್ಮೆ ಹಾಡಬೇಕು.

ಹಾಗಾದರೆ ಹಿಂಡಿದ ಹಾಡು ಮೊದಲು ಚೆನ್ನಾಗಿ ಕೇಳಿಸುವುದೇಕೆ? ಧ್ವನಿ ಗಟ್ಟಿಯಾದಂತೆ ಮಂದ್ರಸ್ವರಗಳು ನಮ್ಮ ಕಿವಿಗೆ ಹೆಚ್ಚು ತುಂಬಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಕಿವಿಯ ಈ ಗುಣವನ್ನು ಅಳೆದು ತೋರಿಸಿದರು. ಆದುದರಿಂದ ವಿದ್ಯಾರ್ಥಿಮಿತ್ರರು ಒಂದು ಪ್ರಯೋಗ ಮಾಡಿ ನೋಡಲಿ. ಹಿಂಡಿದ ಹಾಡನ್ನೂ ಹಿಂಡದ ಹಾಡನ್ನೂ ಒಂದೇ ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ತಿಳಿಸದೆ ಗೆಳೆಯನೊಬ್ಬನಿಂದ ನುಡಿಸಿ ಕೇಳಿರಿ. ತೀರ್ಪನ್ನು ನಿಮ್ಮ ಕಿವಿಗೇ ಬಿಡಿ.