ರಾಯಣ್ಣನ ಬಂಟರಿಗೆ ಪ್ಲಾಸ್ಟಿಕ್ ಹೊದಿಕೆಯೇ?

ಕನ್ನಡದ ಹುಡುಗರೇ, ಕಿತ್ತೂರು ಉತ್ಸವಕ್ಕೆ ರಾಯಣ್ಣನ ಬಂಟರ ವೇಷ ಹಾಕಿ ಹೊರಡುತ್ತೀರಿ. ಹಣೆಗೆ ಭಂಡಾರ, ಕೈಯಲ್ಲಿ ಕತ್ತಿ, ಬಾಯಲ್ಲಿ ಜಯಕಾರ. ಸಂತೋಷ! ಆದರೆ ರಾತ್ರಿ ಬಯಲಲ್ಲಿ ಡೇರೆ ಹಾಕಿದ ಮೇಲೆ ಚೀಲದಿಂದ ಹೊರಬರುವುದೇನು? ಹುಲಿ ಚಿತ್ರದ ಅಕ್ರಿಲಿಕ್ ಬ್ಲಾಂಕೆಟ್!

1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣ ಕುರುಬರ ಮನೆಯ ಮಗ. ಆ ಮನೆಗಳ ಹೊದಿಕೆ ಕರಿ ಕಂಬಳಿ. ವೇಷ ನಿಜವಾಗಬೇಕಾದರೆ ಅದನ್ನೇ ಕೊಳ್ಳಿ.

ಕೊಳ್ಳುವಾಗ ಮೋಸ ಹೋಗಬೇಡಿ. ಅಂಚಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಶಿಬಿರದ ಬೆಂಕಿಯ ಕಿಡಿ ಹಾರಿದರೆ ನಿಮ್ಮ ಮೈಮೇಲೂ ಅದೇ ಗತಿ! ದಖ್ಖನಿ ಕುರಿಯ ಕಪ್ಪು ಹುಟ್ಟಿನಿಂದ ಬಂದದ್ದು, ಬಣ್ಣದಲ್ಲಿ ಅದ್ದಿದ್ದಲ್ಲ. ಹೊಸ ಕಂಬಳಿ ಬಿರುಸಾಗಿದ್ದರೆ ಹೆದರಬೇಡಿ. ಅದು ಹುಣಸೆ ಬೀಜದ ಗಂಜಿ, ಬಳಸಿದಂತೆ ಮೆತ್ತಗಾಗುತ್ತದೆ. ಚುಚ್ಚಿದರೆ ಒಳಗೊಂದು ಪಂಚೆ ಹೊದೆಯಿರಿ. ಮಳೆ ಬಂದರೆ ಮೂಲೆ ಮಡಿಚಿ ಕೊಪ್ಪೆ ಮಾಡಿ ತಲೆಗೆ ಹಾಕಿ.

ಕೊಪ್ಪೆ! ಈ ಮಾತು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕುರುಬರ ಮಗ್ಗ ನಿಂತರೆ ಅದರ ಸುತ್ತಲಿನ ಕನ್ನಡವೂ ನಿಲ್ಲುತ್ತದೆ. ಅದನ್ನು ಯಾವ ಸರ್ಕಾರಿ ಆದೇಶವೂ ಮರಳಿ ತರಲಾರದು. ಕಂಬಳಿಗೆ ಹೆಸರಾದ ಚಳ್ಳಕೆರೆ ದೂರವೇನಿಲ್ಲ. ನೇಯುವವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ನಾಮಫಲಕಕ್ಕಾಗಿ ಬೀದಿಗಿಳಿಯುವ ನೀವು ಕಂಬಳಿಗಾಗಿ ಒಂದು ಬಸ್ಸು ಹತ್ತಲಾರಿರಾ?