ಹಿಂದೆ ನಿಲ್ಲುವವನ ಲೆಕ್ಕ

ಹೋದ ತಿಂಗಳು ಒಂದು ಭಾನುವಾರ ಮೊಮ್ಮಗ ಮುಖ ಊದಿಸಿಕೊಂಡು ಮನೆಗೆ ಬಂದ. ನಮ್ಮ ಮಾರತ್ತಹಳ್ಳಿಯಲ್ಲಿ ಈಗ ಮಕ್ಕಳು ಆಡುವುದು ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು, ಪ್ಲಾಸ್ಟಿಕ್ ಹುಲ್ಲು ಹಾಸಿದ ಮೈದಾನದಲ್ಲಿ. ಶೂ ಬಿಚ್ಚಿ ಮೂಲೆಗೆ ಎಸೆದು, “ತಾತ, ಇನ್ನು ನಾನು ಫುಟ್‌ಬಾಲಿಗೆ ಹೋಗಲ್ಲ. ಸರ್ ನನ್ನನ್ನ ಹಿಂದೆ ನಿಲ್ಲಿಸಿಬಿಟ್ಟರು. ನಾನು ಗೋಲು ಹೊಡೆಯೋದು ಯಾವಾಗ?” ಅಂದ.

ಮಕ್ಕಳೇ, ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಬೆಂಗಳೂರಿನಲ್ಲಿ ಕೆಂಪಯ್ಯ ಎಂಬ ಆಟಗಾರರಿದ್ದರು. ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ಬಿಗೂ ಆಡಿದವರು. ಅವರದು ಹಾಫ್ ಬ್ಯಾಕ್ ಜಾಗ. ಅಂದರೆ ಗೋಲು ಹೊಡೆಯುವವರ ಹಿಂದೆ, ಗೋಲು ಕಾಯುವವರ ಮುಂದೆ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು, ಮುಂದಿನವರಿಗೆ ಜೋಪಾನವಾಗಿ ದಾಟಿಸುವ ಕೆಲಸ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ 4–2ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿಯವರೆಗೆ ಏಷ್ಯಾದ ಯಾವ ದೇಶವೂ ಅಷ್ಟು ದೂರ ಹೋಗಿರಲಿಲ್ಲ. ಕೊನೆಗೆ ನಮಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ಕೆಂಪಯ್ಯ ಇದ್ದರು. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಇದ್ದರು. ಆ ಸಲ ಫ್ರಾನ್ಸ್ ಎದುರು ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದು ಭಾರತ ಮುಂದಿತ್ತು. ಆಟ ಮುಗಿಯಲು ಎಂಟೇ ನಿಮಿಷ ಇದ್ದಾಗ ಫ್ರಾನ್ಸಿನವರು ಸರಿಗಟ್ಟಿದರು. ಪಂದ್ಯ 1–1.

“ಕೆಂಪಯ್ಯ ಎಷ್ಟು ಗೋಲು ಹೊಡೆದರು?” ಮೊಮ್ಮಗನ ಪ್ರಶ್ನೆ.

“ಆ ಎರಡು ಒಲಿಂಪಿಕ್ಸ್‌ನಲ್ಲಿ ಒಂದೂ ಇಲ್ಲ.”

“ಮತ್ತೆ ಎರಡು ಸಲ ಯಾಕೆ ಕರೆದುಕೊಂಡು ಹೋದರು?”

“ಅದನ್ನೇ ಯೋಚನೆ ಮಾಡು” ಅಂದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಕ್ಯಾಷ್ ತಾಳೆಯಾದರೆ ಯಾರೂ ಬೆನ್ನು ತಟ್ಟುತ್ತಿರಲಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೆ ಮಾತ್ರ ಇಡೀ ಆಫೀಸು ನನ್ನ ಮೇಜಿನ ಸುತ್ತ! ಒಮ್ಮೆ ಒಂದು ವೋಚರಿನಲ್ಲಿ ಯಾರೋ ಒಂದು ಸೊನ್ನೆ ಹೆಚ್ಚು ಬರೆದಿದ್ದರು. ಹಣ ಕೊಡುವ ಮೊದಲೇ ಹಿಡಿದೆ. ಆ ಖುಷಿ ನನಗೊಬ್ಬನಿಗೇ ಗೊತ್ತು. ಇದನ್ನೂ ಅವನಿಗೆ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಮೂಲೆಯಲ್ಲಿದ್ದ ಶೂ ತಂದು ಬಾಗಿಲ ಬಳಿ ಜೋಡಿಸಿಟ್ಟ.

ಮುಂದಿನ ಭಾನುವಾರ ಮಂಡಿ ತರಚಿಕೊಂಡು ಬಂದ. ಅವನ ತಂಡ 2–1ರಿಂದ ಸೋತಿತ್ತು.

“ತಾತ, ನಾನು ನಾಲ್ಕು ಸಲ ತಡೆದೆ. ಯಾರೂ ಎಣಿಸಲೇ ಇಲ್ಲ.”

“ನಾನಿದ್ದೇನಲ್ಲ” ಎಂದು ಹಳೆಯ ಡೈರಿ ತೆಗೆದು ತಾರೀಕು ಹಾಕಿ ಬರೆದುಕೊಂಡೆ: ತಡೆದದ್ದು, 4. ಈಗ ಪ್ರತಿ ಭಾನುವಾರವೂ ಆ ಲೆಕ್ಕ ಬರೆಯುವುದು ನನ್ನ ಕೆಲಸ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಕ್ಕಳು ಆಡಿ ಬಂದಾಗ ಎಷ್ಟು ಗೋಲು ಹೊಡೆದೆ ಎಂದು ಕೇಳುತ್ತೀರಲ್ಲ, ಎಷ್ಟು ತಡೆದೆ ಎಂದೂ ಒಮ್ಮೆ ಕೇಳಿ ನೋಡಿ.